ಲೂಪ್ ಎಷ್ಟು ಸುತ್ತು ಹೋಗುತ್ತದೆ? ಕೋಡ್ ಅನಲೈಜರ್ ಆರಿಸುವವರಿಗೆ, ಅದರ ವರದಿ ತಿದ್ದುವವರಿಗೆ

ಕೋಡನ್ನು ಓಡಿಸದೆ ಬರೀ ಓದಿ ದೋಷ ಹುಡುಕುವ ಅನಲೈಜರ್ ಆರಿಸುವಾಗ ಮೊದಲು ಬರುವ ಪ್ರಶ್ನೆ ‘ಎಷ್ಟು ದೋಷ ಹಿಡಿಯುತ್ತದೆ’ ಎಂಬುದು. ಲೂಪಿನ, ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡಿನ ವಿಷಯಕ್ಕೆ ಬಂದರೆ ಆ ಪ್ರಶ್ನೆ ಸಾಲುವುದಿಲ್ಲ. ಯಾವುದೇ ಪ್ರೋಗ್ರಾಂ ಕೊಟ್ಟರೂ ಅದು ನಿಲ್ಲುತ್ತದೋ ಇಲ್ಲವೋ ಎಂದು ತಪ್ಪದೆ ಹೇಳುವ ಸಾಧನ ಇರಲು ಸಾಧ್ಯವಿಲ್ಲ. ಅಲನ್ ಟ್ಯೂರಿಂಗ್ 1936ರಲ್ಲಿ ಬರೆದ ಪ್ರಬಂಧದಿಂದಲೇ ಹೊರಟ ಮಾತು ಇದು. ಹಾಗಾಗಿ ಲೂಪ್ ಎದುರಾದ ಕೂಡಲೇ ಪ್ರತಿ ಅನಲೈಜರೂ ಏನೋ ಒಂದು ಊಹೆ ಮಾಡಿಕೊಂಡು ಮುಂದೆ ಹೋಗುತ್ತದೆ: ಒಂದೂ ಸುತ್ತು ಹೋಗಲಿಲ್ಲ, ನಾಲ್ಕೇ ಸುತ್ತು ಹೋಯಿತು, ಎಷ್ಟು ಬೇಕಾದರೂ ಹೋಗಬಹುದು. ಆ ಊಹೆಯನ್ನು ವರದಿಯಲ್ಲಿ ಬಾಯಿಬಿಟ್ಟು ಹೇಳುತ್ತದೆಯೋ ನುಂಗಿಕೊಳ್ಳುತ್ತದೆಯೋ ಎಂದು ನೋಡಿ ಆರಿಸಿ. ಊಹೆ ಸರಿಯೋ ತಪ್ಪೋ ಎಂದು ತೀರ್ಮಾನಿಸಬಲ್ಲವರು ಆ ಕೋಡ್ ಮಾಡುವ ಕೆಲಸವನ್ನು ಬಲ್ಲವರು (ಕೆಳಗಿನ ಉದಾಹರಣೆಗಳಲ್ಲಾದರೆ ಅಡಿಕೆ ಟೆಂಡರ್ ಕಂಡವರು, ಬಂದರಿನ ಲೆಕ್ಕ ಬಲ್ಲವರು), ಅನಲೈಜರ್ ಅಲ್ಲ.

ಹೋಲಿಕೆಗೆ ಉತ್ತರ ಕನ್ನಡ ಜಿಲ್ಲೆಯ, ಸಿ ಭಾಷೆಯಲ್ಲಿ ಬರೆದ ಮೂರು ಕೋಡ್ ತುಣುಕು ಇಟ್ಟುಕೊಳ್ಳೋಣ.

ಮೊದಲನೆಯದು ಶಿರಸಿಯ ತೋಟದಲ್ಲಿಟ್ಟ ಮಳೆಮಾಪಕದ ಫರ್ಮ್‌ವೇರ್, ಅಂದರೆ ಸಾಧನದೊಳಗೇ ಕೂತು ಅದನ್ನು ನಡೆಸುವ ಪ್ರೋಗ್ರಾಂ. ಒಳಗಿನ ಪುಟ್ಟ ಬಕೆಟ್ ಒಮ್ಮೆ ಮಗುಚಿದರೆ 0.2 ಮಿ.ಮೀ. ಮಳೆ. ದಿನದ ಕೊನೆಗೆ ಅಷ್ಟೂ ಮಗುಚುಗಳ ಸಮಯವನ್ನು ಒಂದು ಲೂಪ್ ಮೆಮೊರಿ ಕಾರ್ಡಿಗೆ ಬರೆಯುತ್ತದೆ. ಮಗುಚುಗಳ ಸಂಖ್ಯೆ 16 ಬಿಟ್ಟಿನದು, ಲೂಪಿನ ಎಣಿಕೆಯ ವೇರಿಯಬಲ್ ಮಾತ್ರ ಜಾಗ ಉಳಿಸಲೆಂದು 8 ಬಿಟ್ಟಿನದು, ಅದರಲ್ಲಿ ಹಿಡಿಸುವುದು 0ರಿಂದ 255ರ ತನಕ.

ಎರಡನೆಯದು ಕಾರವಾರದ ಬೈತಖೋಲ ಬಂದರಿನ ಲೆಕ್ಕ. ಆ ದಿನ ದಡಕ್ಕೆ ಬಂದ ದೋಣಿಗಳ ಮೀನಿನ ತೂಕವನ್ನೆಲ್ಲ ಲೂಪಿನಲ್ಲಿ ಕೂಡಿ, ದೋಣಿಗಳ ಸಂಖ್ಯೆಯಿಂದ ಭಾಗಿಸಿ ಸರಾಸರಿ ತೆಗೆಯುತ್ತದೆ.

ಮೂರನೆಯದು ಅಡಿಕೆ ಟೆಂಡರಿನ ಬಿಲ್. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಂದು ಐದು ದರ್ಜೆಗೆ ಹೊರಗಿನ ಲೂಪ್, ಪ್ರತಿ ದರ್ಜೆಯ ಲಾಟುಗಳಿಗೆ ಒಳಗಿನ ಲೂಪ್. ಮೊತ್ತವನ್ನು ಪೈಸೆಯಲ್ಲಿ, 32 ಬಿಟ್ಟಿನ ಇಂಟಿಜರಿನಲ್ಲಿ ಕೂಡಿಡುತ್ತದೆ.

ಮೂರರಲ್ಲೂ ದೋಷವಿದೆ. ಒಂದೇ ಬಗೆಯ ಅನಲೈಜರಿನಿಂದ ಮೂರೂ ಸಿಗುವ ಭರವಸೆ ಇಲ್ಲ.

ಬರಹದ ರೂಪ ನೋಡಿ ಹೇಳುವವು

ಕ್ಲ್ಯಾಂಗ್-ಟೈಡಿ ಈ ಗುಂಪಿನ ಪರಿಚಿತ ಹೆಸರು. ಲೂಪನ್ನು ಬಿಡಿಸಿ ಓಡಿಸಿ ನೋಡುವುದಿಲ್ಲ, ಅದನ್ನು ಬರೆದ ರೀತಿ ನೋಡುತ್ತದೆ. ಮಳೆಮಾಪಕದ ದೋಷ ಇದಕ್ಕೆ ಸುಲಭದ ತುತ್ತು. ‘ಬಗ್‌ಪ್ರೋನ್-ಟೂ-ಸ್ಮಾಲ್-ಲೂಪ್-ವೇರಿಯಬಲ್’ ಎಂಬ ತಪಾಸಣೆ 8 ಬಿಟ್ಟಿನ ಎಣಿಕೆಯನ್ನು 16 ಬಿಟ್ಟಿನ ಮಿತಿಯ ಎದುರು ಇಟ್ಟದ್ದನ್ನು ಕಂಡು ಎಚ್ಚರಿಸುತ್ತದೆ. 255 ಮಗುಚು ಅಂದರೆ 51 ಮಿ.ಮೀ. ಮಳೆ, ಅಲ್ಲಿಯ ತನಕ ಲೂಪ್ ಸರಿಯಾಗಿ ಮುಗಿಯುತ್ತದೆ. 256ನೇ ಮಗುಚಿಗೆ ಎಣಿಕೆ ಮತ್ತೆ ಸೊನ್ನೆಗೆ ಬಂದು ಲೂಪ್ ಮುಗಿಯುವುದೇ ಇಲ್ಲ. ಹವಾಮಾನ ಇಲಾಖೆ ‘ಭಾರಿ ಮಳೆ’ ಎನ್ನುವುದು ದಿನಕ್ಕೆ 64.5 ಮಿ.ಮೀ.ನಿಂದ ಮೇಲೆ. ಅಂದರೆ ಬಯಲುಸೀಮೆಯ ಮೇಜಿನ ಮೇಲೆ ಪರೀಕ್ಷೆ ಪಾಸಾದ ಮಾಪಕ ಘಟ್ಟದ ಮೇಲೆ ಪ್ರತಿ ಭಾರಿ ಮಳೆಯ ದಿನವೂ ಸ್ತಬ್ಧವಾಗುತ್ತದೆ, ಬೇಕಾದ ದಿನದ ಲೆಕ್ಕವೇ ಸಿಗುವುದಿಲ್ಲ.

ಇಲ್ಲಿ ವರದಿಯ ಕೊರತೆ ಒಂದೇ: ‘ಲೂಪ್ ವೇರಿಯಬಲ್ ಮಿತಿಗಿಂತ ಕಿರಿದಾದ ಟೈಪಿನದು’ ಎಂದು ನಿಲ್ಲಿಸುತ್ತದೆ. ‘ಮಿತಿ 255 ದಾಟಿದರೆ ಈ ಲೂಪ್ ನಿಲ್ಲುವುದಿಲ್ಲ’ ಎಂದು ಬರೆದರೆ ಓದಿದವರು ತಕ್ಷಣ 255ನ್ನು 0.2ರಿಂದ ಗುಣಿಸಿ ನೋಡುತ್ತಾರೆ. ಟೈಪಿನ ಗರಿಷ್ಠ ಬೆಲೆ ಅನಲೈಜರಿಗೆ ಗೊತ್ತೇ ಇರುತ್ತದೆ, ಅದನ್ನು ಸಂದೇಶಕ್ಕೆ ಸೇರಿಸಲು ಹೊಸ ವಿಶ್ಲೇಷಣೆ ಬೇಕಿಲ್ಲ. ಸ್ವಂತ ತಪಾಸಣೆ ಬರೆಯುವವರು ಮೊದಲು ತಿದ್ದಬೇಕಾದ್ದು ಇದನ್ನೇ.

ಈ ಬಗೆಯ ಮಿತಿ ತಿಳಿಯಲು 2008ರ ಡಿಸೆಂಬರ್ 31 ನೆನಪಿಸಿಕೊಂಡರೆ ಸಾಕು. ಮೈಕ್ರೋಸಾಫ್ಟ್‌ನ 30 ಜಿಬಿ ಝೂನ್ ಸಂಗೀತ ಪ್ಲೇಯರುಗಳು ಅಂದು ಸಾಲಾಗಿ ಸ್ತಬ್ಧವಾದವು. ದಿನಗಳ ಸಂಖ್ಯೆಯಿಂದ ವರ್ಷ ಲೆಕ್ಕ ಹಾಕುವ ಲೂಪ್ ‘ದಿನಗಳು 365ಕ್ಕಿಂತ ಹೆಚ್ಚಿದ್ದಷ್ಟು ಹೊತ್ತು’ ಸುತ್ತುತ್ತಿತ್ತು. ಒಳಗೆ ಅಧಿಕ ವರ್ಷವಾದರೆ ದಿನಗಳು 366ಕ್ಕಿಂತ ಹೆಚ್ಚಿದ್ದಾಗ ಮಾತ್ರ ಕಳೆಯುತ್ತಿತ್ತು. ಸರಿಯಾಗಿ 366 ಆದ ದಿನ ಏನೂ ಕಳೆಯದೆ ಸುತ್ತುತ್ತಲೇ ಉಳಿಯಿತು. ಕ್ಲ್ಯಾಂಗ್-ಟೈಡಿಯ ‘ಬಗ್‌ಪ್ರೋನ್-ಇನ್ಫಿನಿಟ್-ಲೂಪ್’ ಇದನ್ನು ಹಿಡಿಯದು. ಇನ್ನೊಂದು ಸುತ್ತು ಹೋಗಬೇಕೋ ಬೇಡವೋ ಎಂದು ನೋಡುವ ಕಂಡೀಶನ್ನಿನ ವೇರಿಯಬಲ್ ಲೂಪಿನೊಳಗೆ ಎಲ್ಲಿಯೂ ಬದಲಾಗದಿದ್ದರೆ ಮಾತ್ರ ಅದು ಎಚ್ಚರಿಸುತ್ತದೆ. ಇಲ್ಲಿ ಬದಲಾಗುವ ಸಾಲು ಇದೆ, ಆ ದಿನ ಅಲ್ಲಿಗೆ ಹೋಗಲಿಲ್ಲ ಅಷ್ಟೆ.

ದಾರಿ ಹಿಡಿದು ನಡೆಯುವವು

ಕ್ಲ್ಯಾಂಗ್ ಸ್ಟ್ಯಾಟಿಕ್ ಅನಲೈಜರ್, ಜಿಸಿಸಿ ಕಂಪೈಲರಿನ ‘-ಎಫ್‌ಅನಲೈಜರ್’, ಮೆಟಾದ ಇನ್ಫರ್ ಒಳಗಿನ ಪಲ್ಸ್ ಈ ಗುಂಪಿನವು. ಕೋಡಿನ ಪ್ರತಿ ಕವಲಿನಲ್ಲೂ ‘ಹೌದಾದರೆ ಹೀಗೆ, ಇಲ್ಲವಾದರೆ ಹಾಗೆ’ ಎಂದು ಎರಡೂ ದಾರಿ ಹಿಡಿಯುತ್ತವೆ. ಕಷ್ಟ ಇರುವುದು ಲೂಪಿನಲ್ಲಿ: ಒಳಗೆ ಮೂರು ಇಫ್ (ಹೌದು-ಇಲ್ಲ ಕವಲು) ಇದ್ದು ನಾಲ್ಕು ಸುತ್ತು ಹೋದರೆ 4096 ದಾರಿ. ಹನ್ನೆರಡು ತಿಂಗಳಿಗೆ ಹನ್ನೆರಡು ಸುತ್ತು ಹೋದರೆ 6,800 ಕೋಟಿಗೂ ಹೆಚ್ಚು. ಎಲ್ಲಿಯೋ ಒಂದು ಕಡೆ ಕತ್ತರಿಸಲೇಬೇಕು.

ಕ್ಲ್ಯಾಂಗ್ ಅನಲೈಜರ್ ಕತ್ತರಿಸುವುದು ‘ಅನಲೈಜರ್-ಮ್ಯಾಕ್ಸ್-ಲೂಪ್’ ಎಂಬ ಆಯ್ಕೆಯ ಲೆಕ್ಕದಲ್ಲಿ. ಅದರ ಪೂರ್ವನಿಗದಿ ಬೆಲೆ 4. ಇದರ ಪರಿಣಾಮ ಹಲವರಿಗೆ ಗೊತ್ತಿರುವುದಿಲ್ಲ. ಸುತ್ತಿನ ಸಂಖ್ಯೆ ತಿಳಿಯದ ಲೂಪಿನಲ್ಲಿ 0, 1, 2 ಹೀಗೆ ಕೆಲವೇ ಸುತ್ತಿಗೆ ಹೊರಬಂದ ದಾರಿಗಳು ಸಿಗುತ್ತವೆ, ಮುಂದಿನ ಕೋಡಿನ ತಪಾಸಣೆ ನಡೆಯುತ್ತದೆ. ಆದರೆ ನಮ್ಮ ಐದು ದರ್ಜೆಯ ಅಡಿಕೆ ಲೂಪ್ ಐದು ಸುತ್ತು ಮುಗಿಸದೆ ಹೊರಬರುವಂತಿಲ್ಲ. ಅಷ್ಟರಲ್ಲಿ ಮಿತಿ ಮುಟ್ಟಿ ದಾರಿ ಸತ್ತುಹೋಗುತ್ತದೆ. ಲೂಪಿನ ನಂತರ ಬರುವ ದಲಾಲಿ, ತೆರಿಗೆ, ಚೀಟಿ ಮುದ್ರಣದ ಕೋಡನ್ನು ಅನಲೈಜರ್ ಕಣ್ಣೆತ್ತಿಯೂ ನೋಡಿರುವುದಿಲ್ಲ. ವರದಿಯಲ್ಲಿ ಮಾತ್ರ ಎಚ್ಚರಿಕೆ ಸೊನ್ನೆ.

ಇದಕ್ಕೆ ಇರುವ ಎರಡು ಮದ್ದುಗಳನ್ನು ಹೋಲಿಸಿ ನೋಡಬೇಕು, ಎರಡೂ ಪೂರ್ವನಿಗದಿಯಲ್ಲಿ ಮುಚ್ಚಿರುತ್ತವೆ.

‘ಅನ್‌ರೋಲ್-ಲೂಪ್ಸ್’ ತೆರೆದರೆ ಸುತ್ತಿನ ಸಂಖ್ಯೆ ಕೋಡಿನಲ್ಲೇ ಅಂಕಿಯಾಗಿ ಬರೆದ ಲೂಪುಗಳನ್ನು ಪೂರ್ತಿ ಬಿಡಿಸುತ್ತದೆ, 128 ಸುತ್ತಿನ ತನಕ. ಐದು ದರ್ಜೆ, ಹನ್ನೆರಡು ತಿಂಗಳು ಸರಾಗ. ವರ್ಷದ 366 ದಿನದ ಲೂಪ್ ಇದರ ಕೈಗೆ ಸಿಗದು. ಷರತ್ತುಗಳು ಕಟ್ಟುನಿಟ್ಟು: ಎಣಿಕೆಯ ವೇರಿಯಬಲ್ ಲೂಪಿನ ತಲೆಯಲ್ಲಿ (ಕಂಡೀಶನ್ ಬರೆದ ಮೊದಲ ಸಾಲಿನಲ್ಲಿ) ಬಿಟ್ಟರೆ ಬೇರೆಲ್ಲೂ ಬದಲಾಗಬಾರದು, ಒಳಗೆ ರಿಟರ್ನ್, ಗೋಟೋ, ಸ್ವಿಚ್ ಇರಬಾರದು. ದರ್ಜೆ ನೋಡಿ ಸ್ವಿಚ್ ಹಾಕಿದ್ದರೆ ಈ ಆಯ್ಕೆ ತೆರೆದಿದ್ದೂ ಉಪಯೋಗವಿಲ್ಲ. ಆಗ ಸ್ವಿಚ್ಚನ್ನು ಬೇರೆ ಫಂಕ್ಷನ್ನಿಗೆ ಸಾಗಿಸುವುದು ಸರಳ ಉಪಾಯ.

‘ವೈಡನ್-ಲೂಪ್ಸ್’ ಮಿತಿ ಮುಟ್ಟಿದ ದಾರಿಯನ್ನು ಕೊಲ್ಲುವ ಬದಲು, ‘ಲೂಪಿನಲ್ಲಿ ಏನು ಬೇಕಾದರೂ ಬದಲಾಗಿರಬಹುದು’ ಎಂದುಕೊಂಡು ತಿಳಿದಿದ್ದನ್ನೆಲ್ಲ ಮರೆತು ಮುಂದೆ ಹೋಗುತ್ತದೆ. ಲೂಪಿನ ನಂತರದ ಕೋಡ್ ತಪಾಸಣೆಗೆ ಸಿಗುತ್ತದೆ, ಆದರೆ ಮರೆತದ್ದರಲ್ಲಿ ಲೂಪಿಗೆ ಸಂಬಂಧವೇ ಇಲ್ಲದ ವೇರಿಯಬಲ್ಲುಗಳೂ ಸೇರಿ ಸುಳ್ಳು ಎಚ್ಚರಿಕೆ ಹೆಚ್ಚುತ್ತದೆ. ಮೊದಲನೆಯದನ್ನು ಯಾವಾಗಲೂ ತೆರೆದಿಡಿ. ಎರಡನೆಯದನ್ನು ರಾತ್ರಿ ಓಟದಲ್ಲಿ ಮಾತ್ರ, ಬೇರೆ ಪಟ್ಟಿಗೆ. ಮ್ಯಾಕ್ಸ್-ಲೂಪ್ ಬೆಲೆಯನ್ನೇ 4ರಿಂದ 20ಕ್ಕೆ ಏರಿಸುವುದು ಮೂರನೆಯ ದಾರಿ ಎಂದು ಕಂಡೀತು. ಅದು ಎಲ್ಲ ಲೂಪಿಗೂ ಅನ್ವಯಿಸಿ, ಪ್ರತಿ ಫಂಕ್ಷನ್ನಿಗೆ ಮೀಸಲಾದ ಒಟ್ಟು ಶ್ರಮದ ಮಿತಿಯನ್ನು ಮೊದಲ ಲೂಪಿನಲ್ಲೇ ತಿಂದುಹಾಕುತ್ತದೆ. ಬೇಡ.

ಇನ್ನು ಬಂದರಿನ ಸರಾಸರಿ. ದಾರಿ ಹಿಡಿಯುವ ಅನಲೈಜರುಗಳ ಮೇಲೆ ಸಾಮಾನ್ಯ ದೂರು ಎಂದರೆ ‘ಲೂಪ್ ಒಂದೂ ಸುತ್ತು ಹೋಗಲಿಲ್ಲ ಎಂದುಕೊಂಡು ಸುಮ್ಮನೆ ಕೂಗುತ್ತದೆ’ ಎಂಬುದು. ದೋಣಿಗಳ ಸಂಖ್ಯೆ ಸೊನ್ನೆ, ಆದ್ದರಿಂದ ಸೊನ್ನೆಯಿಂದ ಭಾಗಾಕಾರ. ಬಂದರೆಂದ ಮೇಲೆ ದೋಣಿ ಬರದೇ ಇರುತ್ತದೆಯೇ ಎಂದು ಬೆಂಗಳೂರಿನಲ್ಲಿ ಕುಳಿತವರು ಎಚ್ಚರಿಕೆಯನ್ನು ಅಳಿಸಿಬಿಡಬಹುದು. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಯಾಂತ್ರೀಕೃತ ದೋಣಿಗಳ ಪಟ್ಟಿ ಅಷ್ಟೂ ದಿನ ಖಾಲಿ. ಅನಲೈಜರ್ ಊಹಿಸಿದ್ದು ನಿಜದ ಸಂಗತಿ.

ಸೊನ್ನೆ ಸುತ್ತಿನ ದಾರಿಯನ್ನೇ ಮುಚ್ಚಿಬಿಡುವ ‘ಅಸ್ಯೂಮ್-ಅಟ್-ಲೀಸ್ಟ್-ಒನ್-ಇಟರೇಶನ್’ ಎಂಬ ಆಯ್ಕೆ ಕ್ಲ್ಯಾಂಗ್ ಅನಲೈಜರಿನ ಹೊಸ ಆವೃತ್ತಿಗಳಲ್ಲಿದೆ. ಸದ್ದು ಕಡಿಮೆಯಾಗುವುದು ನಿಜ, ಜೊತೆಗೆ ಈ 61 ದಿನದ ದೋಷವೂ ಮುಚ್ಚಿಹೋಗುತ್ತದೆ. ಅದಕ್ಕಿಂತ ಸಂದೇಶ ತಿದ್ದುವುದು ಒಳ್ಳೆಯದು. ‘48ನೇ ಸಾಲು: ಸೊನ್ನೆಯಿಂದ ಭಾಗಾಕಾರ’ ಎಂಬ ತಲೆಬರಹದ ಕೆಳಗೆ ಹನ್ನೊಂದು ಹೆಜ್ಜೆಗಳ ಪಟ್ಟಿ ಕೊಟ್ಟರೆ ಅವಸರದಲ್ಲಿರುವವರು ತಲೆಬರಹ ಮಾತ್ರ ಓದುತ್ತಾರೆ. ಅದರ ಬದಲಿಗೆ ಹೀಗೆ ಬರೆಯಿಸಿ: ‘ದೋಣಿ ಸಂಖ್ಯೆ 0 ಆಗಿ 41ನೇ ಸಾಲಿನ ಲೂಪ್ ಒಂದೂ ಸುತ್ತು ಹೋಗದಿದ್ದರೆ 48ನೇ ಸಾಲಿನಲ್ಲಿ ಸೊನ್ನೆಯಿಂದ ಭಾಗಾಕಾರ. ಈ ಫಂಕ್ಷನ್ನನ್ನು ಕರೆಯುವ ಕಡೆ 0 ಬಾರದಂತೆ ತಡೆದದ್ದು ಕಾಣಲಿಲ್ಲ.’ ಊಹೆ ಮೊದಲು, ದೋಷ ಆಮೇಲೆ. ಆಗ ಒಪ್ಪುವುದೋ ಬಿಡುವುದೋ ಎಂಬ ಪ್ರಶ್ನೆ ಬಂದರಿನ ಲೆಕ್ಕ ಗೊತ್ತಿದ್ದವರ ಎದುರಿಗೆ ನೇರವಾಗಿ ಬರುತ್ತದೆ.

ಜಿಸಿಸಿಯದು ಇನ್ನೊಂದು ಬಗೆ. ಅದರ ಅನಲೈಜರ್ ಬಂದದ್ದು 2020ರ 10ನೇ ಆವೃತ್ತಿಯಲ್ಲಿ, ‘-ಡಬ್ಲ್ಯುಅನಲೈಜರ್-ಇನ್ಫಿನಿಟ್-ಲೂಪ್’ ಎಚ್ಚರಿಕೆ ಸೇರಿದ್ದು 14ನೇ ಆವೃತ್ತಿಯಲ್ಲಿ. ಸಿ ಕೋಡಿಗೆ ಮಾತ್ರ ನೆಚ್ಚಿಕೊಳ್ಳಿ. ಕೋಡ್ ತೀರ ಜಟಿಲವಾಗಿ ಒಳಗಿನ ಮಿತಿ ಮುಟ್ಟಿದರೆ ಇದೂ ಸದ್ದಿಲ್ಲದೆ ನಿಲ್ಲುತ್ತದೆ, ಆದರೆ ಅದನ್ನು ಬಾಯಿಬಿಡಿಸುವ ಆಯ್ಕೆ ಇದೆ: ‘-ಡಬ್ಲ್ಯುಅನಲೈಜರ್-ಟೂ-ಕಾಂಪ್ಲೆಕ್ಸ್’. ತಾನಾಗಿ ತೆರೆದಿರುವುದಿಲ್ಲ. ಈ ಒಂದು ಗುಣಕ್ಕಾಗಿಯೇ ಸಣ್ಣ ತಂಡಗಳಿಗೆ ಜಿಸಿಸಿಯನ್ನು ಎರಡನೆಯ ಅಭಿಪ್ರಾಯವಾಗಿ ಇಟ್ಟುಕೊಳ್ಳಿ ಎನ್ನಬಹುದು. ಹೇಗೂ ಕಂಪೈಲರ್ ಯಂತ್ರದಲ್ಲಿ ಇರುತ್ತದೆ.

ಮಿತಿ ಹೇಳಿ, ಸಾಲದಿದ್ದರೆ ಕೂಗುವವು

ಸಿಬಿಎಂಸಿ ಎಂಬ ಸಾಧನ ಲೂಪನ್ನು ನೀವು ಕೊಟ್ಟಷ್ಟು ಸಲ ಬಿಡಿಸಿ, ಎಲ್ಲ ಸಾಧ್ಯ ಬೆಲೆಗಳಿಗೂ ಒಟ್ಟಿಗೆ ಲೆಕ್ಕ ಹಾಕುತ್ತದೆ. ‘ಅನ್‌ವೈಂಡಿಂಗ್-ಅಸರ್ಶನ್ಸ್’ ತೆರೆದಿದ್ದರೆ, ಕೊಟ್ಟ ಸುತ್ತು ಸಾಲದೆ ಹೋದಾಗ ಅದನ್ನೇ ಒಂದು ವಿಫಲತೆಯಾಗಿ ವರದಿ ಮಾಡುತ್ತದೆ. 6ನೇ ಆವೃತ್ತಿಯಿಂದ ಇದು ತಾನಾಗಿ ತೆರೆದಿರುತ್ತದೆ, ಹಳೆಯದರಲ್ಲಿ ಕೈಯಾರೆ ತೆರೆಯಬೇಕು. ಲೂಪಿನ ವರದಿ ಹೇಗಿರಬೇಕು ಎಂಬುದಕ್ಕೆ ಇದು ಒಳ್ಳೆಯ ಮಾದರಿ.

ಎಡವುವ ಜಾಗ ಒಂದಿದೆ. ಐದು ದರ್ಜೆಗೆ ‘ಅನ್‌ವೈಂಡ್ 5’ ಕೊಟ್ಟರೆ ವಿಫಲವಾಗುತ್ತದೆ. ಕಂಡೀಶನ್ ಆರನೇ ಸಲ ನೋಡಿದ ಮೇಲೆಯೇ ಲೂಪ್ ಮುಗಿಯುವುದು, ಹಾಗಾಗಿ 6 ಕೊಡಬೇಕು. ಒಳಗಿನ ಲಾಟುಗಳ ಲೂಪಿಗೆ ಬೇರೆ ಮಿತಿ ಬೇಕಾದರೆ ‘ಅನ್‌ವೈಂಡ್‌ಸೆಟ್’ ಬಳಸಿ. ಒಂದೇ ದೊಡ್ಡ ಅಂಕಿಯನ್ನು ಎಲ್ಲಕ್ಕೂ ಕೊಟ್ಟರೆ ಲ್ಯಾಪ್‌ಟಾಪಿನ ಮೆಮೊರಿ ತುಂಬಿ ಓಟ ಅರ್ಧಕ್ಕೆ ಬೀಳುತ್ತದೆ. ಝೂನ್ ಬಗೆಯ ಲೂಪಿಗೆ ಇದು ತಕ್ಕ ಸಾಧನ: ದಿನಗಳಿಗೆ ಒಂದು ಗರಿಷ್ಠ ಕೊಟ್ಟ ಮೇಲೂ, ಅನ್‌ವೈಂಡ್ ಅಂಕಿ ಎಷ್ಟು ಏರಿಸಿದರೂ ಅಸರ್ಶನ್ ಬೀಳುತ್ತಲೇ ಇದ್ದರೆ ಸಂಶಯಪಡಿ. ಉದಾಹರಣೆಯಾಗಿ ಅದು ತೋರಿಸುವ ದಾರಿಯಲ್ಲಿ ದಿನಗಳು 366ಕ್ಕೆ ಅಂಟಿಕೊಂಡಿರುವುದು ಕಾಣುತ್ತದೆ.

ಇಡೀ ಪ್ರಾಜೆಕ್ಟಿಗೆ ಇದನ್ನು ಹಚ್ಚಲು ಹೋಗಬೇಡಿ. ಮುಖ್ಯವಾದ ಹತ್ತು ಫಂಕ್ಷನ್ ಸಾಕು.

ಎಲ್ಲ ಸುತ್ತನ್ನೂ ಒಟ್ಟಿಗೆ ಹಿಡಿಯುವವು

ಫ್ರಾಮಾ-ಸಿಯ ಈವಾ, ಪಾಲಿಸ್ಪೇಸ್, ಆಸ್ಟ್ರೇ ಇವು 1977ರಲ್ಲಿ ಪ್ಯಾಟ್ರಿಕ್ ಮತ್ತು ರಾಧಿಯಾ ಕೂಸೋ ಮಂಡಿಸಿದ ಅಮೂರ್ತ ವ್ಯಾಖ್ಯಾನದ ಮೇಲೆ ನಿಂತಿವೆ: ಬೆಲೆಗಳನ್ನು ಒಂದೊಂದಾಗಿ ನೋಡದೆ ‘ಇಷ್ಟರಿಂದ ಇಷ್ಟು’ ಎಂದು ಒಟ್ಟಾಗಿ ಹಿಡಿಯುವ ವಿಧಾನ. ಎಣಿಕೆ ಮೊದಲು 0, ಆಮೇಲೆ 0ರಿಂದ 1, ಹೀಗೆ ಹಿಗ್ಗುತ್ತಿದೆ ಎಂದು ಕಂಡ ಕೂಡಲೇ ‘0ರಿಂದ ಎಷ್ಟಾದರೂ’ ಎಂದು ಒಂದೇ ಹೆಜ್ಜೆಗೆ ಹಿಗ್ಗಿಸಿ, ಮತ್ತೆ ಲೂಪಿನ ಕಂಡೀಶನ್ ನೋಡಿ ‘0ರಿಂದ 4’ಕ್ಕೆ ಕುಗ್ಗಿಸುತ್ತವೆ. ಸುತ್ತು ಐದಾಗಲಿ ಐದು ಲಕ್ಷವಾಗಲಿ ಒಂದೂ ಬಿಟ್ಟುಹೋಗುವುದಿಲ್ಲ. ಬೆಲೆ ತೆರುವುದು ಸುಳ್ಳು ಎಚ್ಚರಿಕೆಯಲ್ಲಿ: ಎಣಿಕೆಗೆ ಕಂಡೀಶನ್ ಇದೆ, ಮೊತ್ತಕ್ಕೆ ಇಲ್ಲ. ಹಾಗಾಗಿ ಲೂಪಿನಲ್ಲಿ ಕೂಡುವ ಪ್ರತಿ ಮೊತ್ತಕ್ಕೂ ‘ಓವರ್‌ಫ್ಲೋ ಆಗಬಹುದು’, ಅಂದರೆ ಮೊತ್ತ ವೇರಿಯಬಲ್ಲಿನಲ್ಲಿ ಹಿಡಿಸದೆ ಹೋಗಬಹುದು ಎಂದು ಬರುತ್ತದೆ.

ಅಡಿಕೆ ಬಿಲ್ಲಿಗೂ ಅದೇ ಬರುತ್ತದೆ. ಅಳಿಸುವ ಮುಂಚೆ ಲೆಕ್ಕ ಹಾಕಿ. 32 ಬಿಟ್ಟಿನ ಇಂಟಿಜರಿನಲ್ಲಿ ಹಿಡಿಸುವ ಗರಿಷ್ಠ 214,74,83,647 ಪೈಸೆ, ಅಂದರೆ ಸುಮಾರು 2 ಕೋಟಿ 14 ಲಕ್ಷ ರೂಪಾಯಿ. ಕ್ವಿಂಟಲಿಗೆ 45,000 ರೂಪಾಯಿಯಂತೆ ಹಿಡಿದರೆ 478 ಕ್ವಿಂಟಲಿಗೆ ಅದು ದಾಟುತ್ತದೆ. ಒಬ್ಬ ಬೆಳೆಗಾರನ ಚೀಟಿಗೆ ಬೇಕಾದಷ್ಟಾಯಿತು. ಇಡೀ ದಿನದ ಟೆಂಡರ್ ಮೊತ್ತಕ್ಕೆ ಸಾಲದು. ಒಂದೇ ಫಂಕ್ಷನ್ ಎರಡಕ್ಕೂ ಬಳಕೆಯಾಗಿದ್ದರೆ ಎಚ್ಚರಿಕೆ ಸತ್ಯ. ಇಲ್ಲಿಯೂ ವರದಿಯಲ್ಲಿ ಬೇಕಾದ್ದು ಮಿತಿಯ ಅಂಕಿ: ‘ಮೊತ್ತ 214,74,83,647 ದಾಟುವುದಿಲ್ಲ ಎಂದು ತೋರಿಸಲಾಗಲಿಲ್ಲ, ಲಾಟುಗಳ ಸಂಖ್ಯೆಗೆ ಗರಿಷ್ಠ ಸಿಕ್ಕಿಲ್ಲ.’

ಈವಾದಲ್ಲಿ ಸುಳ್ಳು ಎಚ್ಚರಿಕೆ ತಗ್ಗಿಸಲು ‘ಆಟೋ-ಲೂಪ್-ಅನ್‌ರೋಲ್’ ಆಯ್ಕೆಗೆ ಒಂದು ಅಂಕಿ ಕೊಡಿ, ಇಲ್ಲವೇ ಆಯಾ ಲೂಪಿನ ಮೇಲೆ ‘ಲೂಪ್ ಅನ್‌ರೋಲ್’ ಟಿಪ್ಪಣಿ ಬರೆಯಿರಿ. ಇನ್ನೂ ಮುಂದೆ ಹೋಗಿ ಲೂಪ್ ಇನ್‌ವೇರಿಯಂಟ್ (ಪ್ರತಿ ಸುತ್ತಿಗೂ ನಿಜವಾಗಿಯೇ ಉಳಿಯುವ ಮಾತು), ಲೂಪ್ ವೇರಿಯಂಟ್ (ಪ್ರತಿ ಸುತ್ತಿಗೂ ಇಳಿಯುವ ಬೆಲೆ) ಬರೆದು ಫ್ರಾಮಾ-ಸಿಯ ಡಬ್ಲ್ಯುಪಿ ಪ್ಲಗಿನ್ನಿನಿಂದ ಸಾಧಿಸಲೂಬಹುದು. ಪ್ರತಿ ಸುತ್ತಿಗೂ ಕಡಿಮೆಯಾಗಬೇಕಾದ ಬೆಲೆ ಯಾವುದು ಎಂದು ಬರೆಯುವಾಗಲೇ ಝೂನ್ ಬಗೆಯ ದೋಷ ಬರೆದವರ ಕಣ್ಣಿಗೇ ಬೀಳುತ್ತದೆ. ಪ್ರಾಣಾಪಾಯದ ಕೋಡಲ್ಲದಿದ್ದರೆ ಅಷ್ಟು ದುಡಿಮೆ ಹೊರೆ.

ವರದಿಯಲ್ಲಿ ತಿದ್ದಬೇಕಾದ್ದು

ಯಾವ ಎಂಜಿನ್ ಆರಿಸಿದರೂ ಅದರ ಫಲಿತಾಂಶವನ್ನು ಸಾರಿಫ್ ರೂಪದಲ್ಲಿ (ಅನಲೈಜರುಗಳ ಫಲಿತಾಂಶ ಬರೆಯಲು ಇರುವ ಸಾಮಾನ್ಯ ಮಾದರಿ) ತೆಗೆದು, ನಿಮ್ಮ ಪುಟ್ಟ ಸ್ಕ್ರಿಪ್ಟ್ ಒಂದರಿಂದ ಹಾಯಿಸಿ ತೋರಿಸುವುದು ಅನುಕೂಲ. ಓಯಾಸಿಸ್ ಸಂಸ್ಥೆಯ 2.1.0 ಮಾನಕದಲ್ಲಿ ಲೂಪಿಗೆ ಬೇಕಾದ ಜಾಗಗಳೆಲ್ಲ ಇವೆ.

ಸುತ್ತುಗಳನ್ನು ಮಡಚಿ. ‘ಲೂಪಿನ ಒಳಗೆ ಹೋಯಿತು, ತಲೆಗೆ ಮರಳಿತು, ಒಳಗೆ ಹೋಯಿತು’ ಎಂದು ಮೂರು ಸಲ ಓದುವ ತಾಳ್ಮೆ ಯಾರಿಗೂ ಇಲ್ಲ. ದಾರಿಯ ಪ್ರತಿ ಹೆಜ್ಜೆಗೆ ಸಾರಿಫ್‌ನಲ್ಲಿ ‘ಇಂಪಾರ್ಟೆನ್ಸ್’ ಮತ್ತು ‘ನೆಸ್ಟಿಂಗ್‌ಲೆವೆಲ್’ ಗುಣಗಳಿವೆ. ದೋಷಕ್ಕೆ ಬೇಕಾದ ಬೆಲೆ ಬದಲಾದ ಸುತ್ತಿಗೆ ‘ಎಸೆನ್ಷಿಯಲ್’, ಉಳಿದವಕ್ಕೆ ‘ಅನ್‌ಇಂಪಾರ್ಟೆಂಟ್’ ಹಾಕಿ. ಪೂರ್ತಿ ಅಳಿಸಬೇಡಿ, ಮೂರನೇ ಸುತ್ತಿನಲ್ಲಿ ಮಾತ್ರ ಬರುವ ದೋಷಕ್ಕೆ ಮೊದಲೆರಡು ಸುತ್ತೇ ಕಾರಣವಾಗಿರಬಹುದು. ಜಿಸಿಸಿಯಲ್ಲಾದರೆ ವಿವರದ ಮಟ್ಟ ಹೇಳುವ ‘-ಎಫ್‌ಅನಲೈಜರ್-ವರ್ಬಾಸಿಟಿ’ 0ರಿಂದ 4ರ ತನಕ ಇದೆ, ಪೂರ್ವನಿಗದಿ 2. ಲೂಪಿನ ಗೊಂದಲ ಬಿಡಿಸುವಾಗ 3, ದಿನನಿತ್ಯ 2.

ಬೆರಳು ಎಲ್ಲಿ ತೋರಿಸಬೇಕು ಎಂಬುದರಲ್ಲೂ ಆಯ್ಕೆ ಇದೆ. ನಿಲ್ಲದ ಲೂಪಿಗೆ ಲೂಪಿನ ತಲೆ. ಅರೇ ದಾಟಿ ಓದುವ ದೋಷಕ್ಕೆ ಓದಿದ ಸಾಲು, ಜೊತೆಗೆ ಲೂಪಿನ ತಲೆಯನ್ನು ಸಂಬಂಧಿತ ಸ್ಥಳವಾಗಿ ಸೇರಿಸಿ. ಬಹುಪಾಲು ಇಂಥ ದೋಷದ ತಿದ್ದುಪಡಿ ಆಗುವುದು ತಲೆಯಲ್ಲೇ, ‘ಕಿರಿದು ಅಥವಾ ಸಮ’ ಎಂಬಲ್ಲಿ ‘ಕಿರಿದು’ ಹಾಕಿದಾಗ.

ಒಂದೇ ದೋಷ ನಾಲ್ಕಾಗಿ ಎಣಿಕೆಯಾಗದಂತೆ ನೋಡಿ. ಎಚ್ಚರಿಕೆ ಹಳೆಯದೋ ಹೊಸದೋ ಎಂದು ತಿಳಿಸುವ ಗುರುತಿನ ಅಚ್ಚಿನಲ್ಲಿ ಕಡತದ ಹೆಸರು, ಫಂಕ್ಷನ್, ತಪಾಸಣೆಯ ಹೆಸರು, ಖಾಲಿ ಜಾಗ ತೆಗೆದ ಲೂಪಿನ ತಲೆ ಇರಲಿ. ಸಾಲಿನ ಸಂಖ್ಯೆಯಾಗಲಿ ಸುತ್ತಿನ ಸಂಖ್ಯೆಯಾಗಲಿ ಬೇಡ. ಸಾಲಿನ ಸಂಖ್ಯೆ ಸೇರಿಸಿದರೆ ಮೇಲೆ ಒಂದು ಕಾಮೆಂಟ್ ಬರೆದರೂ ಹಳೆಯ ಎಚ್ಚರಿಕೆಗಳೆಲ್ಲ ಹೊಸದಾಗಿ ಎದ್ದು ಕೂರುತ್ತವೆ. ಒಂದೇ ಫಂಕ್ಷನ್ನಿನಲ್ಲಿ ತಲೆ ಒಂದೇ ಥರದ ಎರಡು ಲೂಪ್ ಇದ್ದರೆ, ಮೊದಲನೆಯದು ಎರಡನೆಯದು ಎಂಬ ಕ್ರಮಸಂಖ್ಯೆ ಸೇರಿಸಿ.

ಕೈಬಿಟ್ಟ ಲೂಪುಗಳ ಪಟ್ಟಿ ಎಲ್ಲಕ್ಕಿಂತ ಮುಖ್ಯ. ನಿರ್ಧರಿಸಲು ಮಾಹಿತಿ ಸಾಲದ ಫಲಿತಾಂಶಕ್ಕೆ ಸಾರಿಫ್‌ನಲ್ಲಿ ‘ಓಪನ್’ ಎಂಬ ಬಗೆಯೇ ಇದೆ. ಅದಕ್ಕೆ ತೀವ್ರತೆ ‘ನನ್’ ಎಂದೇ ಇರಬೇಕಾದ್ದರಿಂದ, ಎಚ್ಚರಿಕೆ ಮಾತ್ರ ತೋರಿಸುವ ವೀಕ್ಷಕ ಅದನ್ನು ಅಡಗಿಸಬಹುದು. ಹಾಗಾದಲ್ಲಿ ನಿಮ್ಮ ಸ್ಕ್ರಿಪ್ಟೇ ಕೊನೆಯಲ್ಲಿ ಒಂದು ಸಾಲು ಮುದ್ರಿಸಲಿ: ‘37 ಲೂಪುಗಳಲ್ಲಿ 29 ಪೂರ್ತಿ ನೋಡಿದೆ, 8ರಲ್ಲಿ 4 ಸುತ್ತಿಗೆ ನಿಲ್ಲಿಸಿದೆ’ ಎಂಬಂತೆ, ಆ ಎಂಟರ ಸಾಲು ಸಂಖ್ಯೆಗಳೊಂದಿಗೆ.

ಉದ್ದೇಶಪೂರ್ವಕ ಅನಂತ ಲೂಪನ್ನು ದೋಷವೆನ್ನಬಾರದು. ಮಳೆಮಾಪಕದ ಮುಖ್ಯ ಲೂಪ್ ಎಂದೂ ನಿಲ್ಲಬಾರದು. ಸಿ11 ಮಾನಕವೂ ಕಂಡೀಶನ್ ಸ್ಥಿರಾಂಕವಾಗಿರುವ ಲೂಪನ್ನು ಬೇರೆಯಾಗಿಯೇ ನೋಡುತ್ತದೆ: ಕಂಡೀಶನ್ ಸ್ಥಿರಾಂಕವಲ್ಲದ, ಹೊರಗೆ ಪರಿಣಾಮ ಬೀರದ ಲೂಪ್ ಮುಗಿದೇ ಮುಗಿಯುತ್ತದೆ ಎಂದುಕೊಳ್ಳಲು ಮಾತ್ರ ಕಂಪೈಲರಿಗೆ ಸ್ವಾತಂತ್ರ್ಯ. ಹಾಗಾಗಿ ‘ವೈಲ್ 1’ಕ್ಕೆ ವಿನಾಯಿತಿ ಕೊಡಿ. ಇಂಟರಪ್ಟ್ (ಹಾರ್ಡ್‌ವೇರ್ ಕೊಡುವ ಸೂಚನೆ) ಎತ್ತುವ ಧ್ವಜಕ್ಕಾಗಿ ಕಾಯುವ ಲೂಪಿಗೆ ಮಾತ್ರ ಆ ವಿನಾಯಿತಿ ಬೇಡ. ಧ್ವಜ ವೋಲಟೈಲ್ (ಪ್ರತಿ ಸಲವೂ ಹೊಸದಾಗಿ ಓದಬೇಕಾದದ್ದು) ಎಂದು ಬರೆದಿರದಿದ್ದರೆ ಆಪ್ಟಿಮೈಸ್ ಮಾಡಿದ ಕಂಪೈಲರ್ ಅದನ್ನು ಒಮ್ಮೆ ಮಾತ್ರ ಓದಿ ಸುಮ್ಮನಾಗುತ್ತದೆ, ಸಾಧನ ಕಾಯುತ್ತಲೇ ಉಳಿಯುತ್ತದೆ.

ಯಾರಿಗೆ ಯಾವುದು

ಇಬ್ಬರು ಮೂವರ ತಂಡ, 8 ಜಿಬಿ ಲ್ಯಾಪ್‌ಟಾಪ್, ಮಳೆಗಾಲದಲ್ಲಿ ಕೈಕೊಡುವ ಕರೆಂಟು: ಕ್ಲ್ಯಾಂಗ್-ಟೈಡಿಯ ಲೂಪ್ ತಪಾಸಣೆಗಳನ್ನು ಪ್ರತಿ ಕಮಿಟ್‌ಗೂ ಬದಲಾದ ಕಡತಗಳ ಮೇಲೆ ಮಾತ್ರ ಓಡಿಸಿ. ರಾತ್ರಿ ‘ಅನ್‌ರೋಲ್-ಲೂಪ್ಸ್’ ತೆರೆದ ಕ್ಲ್ಯಾಂಗ್ ಅನಲೈಜರ್, ಜೊತೆಗೆ ಟೂ-ಕಾಂಪ್ಲೆಕ್ಸ್ ತೆರೆದ ಜಿಸಿಸಿ. ಕಡತಕ್ಕೊಂದು ಫಲಿತಾಂಶ ಬರೆದಿಟ್ಟುಕೊಂಡರೆ ಕರೆಂಟು ಹೋದಲ್ಲಿಂದಲೇ ಮುಂದುವರಿಸಬಹುದು. ತೋಟದಲ್ಲೋ ದೋಣಿಯಲ್ಲೋ ಕೂರಿಸಿ ಮತ್ತೆ ಕೈಗೆ ಸಿಗದ ಫರ್ಮ್‌ವೇರ್ ಆದರೆ ದಿನಾಂಕ, ಎಣಿಕೆ, ಬಫರಿನ ಫಂಕ್ಷನ್ನುಗಳಿಗೆ ಸಿಬಿಎಂಸಿ ಸೇರಿಸಿ. ಹಣದ ಲೆಕ್ಕಕ್ಕೆ ಈವಾ ಒಂದು ಸಲವಾದರೂ ಓಡಲಿ.

ಎಚ್ಚರಿಕೆ ಅಡಗಿಸಲು ‘ನೋಲಿಂಟ್’ ಹಾಕುವಾಗ ತಪಾಸಣೆಯ ಹೆಸರನ್ನೂ, ಯಾವ ಊಹೆ ಏಕೆ ಸಾಧ್ಯವಿಲ್ಲ ಎಂಬ ಒಂದು ಸಾಲನ್ನೂ ಅಲ್ಲೇ ಬರೆಯಿರಿ: ‘ದರ್ಜೆ ಪಟ್ಟಿ ಸ್ಥಿರ, ಐದಕ್ಕಿಂತ ಕಡಿಮೆಯಾಗದು’ ಎಂಬಂತೆ. ನಾಳೆ ಅದೇ ಕೋಡ್ ಕುಮಟಾ ಮಾರುಕಟ್ಟೆಗೆ ಹೋಗಿ ಅಲ್ಲಿನ ಹಳೆ ಚಾಲಿ, ಹೊಸ ಚಾಲಿ, ಕೋಕಾ, ಚಿಪ್ಪು ಸೇರಿದಾಗ ಯಾವ ನೋಲಿಂಟ್ ತೆಗೆಯಬೇಕು ಎಂದು ಹುಡುಕಲು ಆ ಸಾಲೇ ಬೇಕಾಗುತ್ತದೆ.